ಹಿತವೂ ಮಿತವೂ

ಅರವತ್ತೈದರ ವಯಸ್ಸಿನಲ್ಲಿ, ಅರುಣೋದಯಕ್ಕೆ ಮುನ್ನವೇ ಎದ್ದು ಸೈಕಲ್ ತುಳಿಯುತ್ತ ಮೈಸೂರಿನ ಚಾಮುಂಡಿಬೆಟ್ಟವನ್ನೇರಿ ಇಳಿದು ಬರುವ ನನ್ನನ್ನು, ಹಾದಿಬದಿಯ ಹೋಟೆಲಿನ ಕಾವಲಿಯ ಮೇಲೆ ಬೆಣ್ಣೆಯಲ್ಲಿ ಬೇಯುವ ಮಸಾಲೆದೋಸೆಯ ಪರಿಮಳವು ಪ್ರತಿದಿನವೂ ತಡೆದು ನಿಲ್ಲಿಸುತ್ತದೆ. ದಣಿದ ದೇಹಕ್ಕೆ ಇದು ಸಲ್ಲತಕ್ಕ ಸಂಭಾವನೆಯೆಂದು ನಾಲಗೆಯು ವಾದಿಸಿದರೂ, ಗಂಟೆಯ ಶ್ರಮದಿಂದ ಕರಗಿದುದನ್ನು ಹತ್ತು ನಿಮಿಷದ ಉಪಾಹಾರವು ಮರಳಿ ತುಂಬಬಲ್ಲುದೆಂಬುದನ್ನೂ, ಮುಪ್ಪಿನಲ್ಲಿ ಕ್ಷೀಣಿಸುವ ಸ್ನಾಯುಗಳಿಗೆ ಬೇಳೆಕಾಳು ಮೊಸರುಗಳ ಪೋಷಣೆಯೇ ಅಧಿಕವಾಗಿ ಬೇಕೆಂಬುದನ್ನೂ ವಿವೇಕವು ನೆನಪಿಸುತ್ತದೆ.

2017ರಲ್ಲಿ, ತಮ್ಮ 105ನೆಯ ವಯಸ್ಸಿನಲ್ಲಿ, ಒಂದೇ ಗಂಟೆಯಲ್ಲಿ ಸೈಕಲ್ ತುಳಿದು 22.547 ಕಿಲೋಮೀಟರ್ ಕ್ರಮಿಸಿದ ಫ್ರಾನ್ಸಿನ ರೊಬೇರ್ ಮಾರ್ಶಾಂ ಅವರ ಬಾಳು, ಮಿತಾಹಾರವೂ ನಿತ್ಯವ್ಯಾಯಾಮವೂ ಜೊತೆಗೂಡಿದರೆ ವಾರ್ಧಕ್ಯಕ್ಕೂ ಎಂತಹ ತೇಜಸ್ಸು ಬರಬಲ್ಲುದೆಂಬುದಕ್ಕೆ ಸಾಕ್ಷಿ.

ಆದುದರಿಂದ ಭಾನುವಾರದ ದೋಸೆಯನ್ನು ಕೃತಜ್ಞತೆಯಿಂದ ಸವಿದು, ಉಳಿದ ಆರು ದಿನ ಮನೆಯ ಹೆಸರುಕಾಳಿನ ಉಸಲಿಯಲ್ಲಿ ತೃಪ್ತಿಯನ್ನು ಕಾಣುವೆನು. ನಾಳೆಯ ಬೆಟ್ಟವನ್ನು ಏರುವ ಕಾಲುಗಳಿಗೆ ಇಂದಿನ ಸಂಯಮವೇ ಬಲ.