ಯಾವ ಝೋನಿನ ರೇಡರ್ ಗಟ್ಟಿ?

ಹುಬ್ಬಳ್ಳಿ-ಧಾರವಾಡದಿಂದ ಮಾತಾಡಾಕತ್ತೀನಿ. ನಮ್ಮ ಕಡೆ ಜಾತ್ರಿ ಬಂತಂದ್ರ ಕಬಡ್ಡಿ ಅಂಕಣ ಬೀಳತೈತಿ. ಹುಡುಗೂರನ್ನ ತೂಕಾ ಮಾಡಿ, ಇಷ್ಟು ಕೆ.ಜಿ. ಒಳಗಿನವರಿಗೆ ಅಂತ ಟೂರ್ನಮೆಂಟ್ ಇಡತಾರ. ಆಟ ಮುಗದ ಮ್ಯಾಲೆ ಚಾದಂಗಡಿ ಮುಂದ ಒಂದ ವಾದ: ಯಾವ ಊರಿನ ರೇಡರ್ ಗಟ್ಟಿ?

ಈ ವಾದ ಅಮೆರಿಕಾದಾಗೂ ನಡೀತೈತ್ರಿ. ಅಲ್ಲಿಯ ಫುಟ್‌ಬಾಲ್ ಅಂದ್ರ ಕೈಯಾಗ ಚೆಂಡು ಹಿಡಕೊಂಡು ಆಡೂ ಆಟ. ಅದರಾಗ ಚೆಂಡು ಎಸ್ಯಾವ, ಆಟ ನಡಸಾವ ಕ್ವಾರ್ಟರ್‌ಬ್ಯಾಕ್. ಅಲ್ಲಿಯ ದೊಡ್ಡ ಲೀಗಿನಾಗ ಒಟ್ಟು 32 ತಂಡ, 8 ಗುಂಪು, ಗುಂಪಿಗೆ 4 ತಂಡ. ಒಂದ ಸೀಸನ್ನಿನ 17 ಪಂದ್ಯದಾಗ 6 ಪಂದ್ಯ ತಮ್ಮ ಗುಂಪಿನವರ ಕೂಡನ ಆಡಬೇಕು. ಯಾವ ಗುಂಪಿನ ಕ್ವಾರ್ಟರ್‌ಬ್ಯಾಕ್‌ಗಳು ಗಟ್ಟಿ ಅಂತ ಅಲ್ಲಿ ವರ್ಷಾ ಲೆಕ್ಕ ಹಾಕ್ತಾರ. ಆದ್ರ ಇಬ್ಬರು ಕ್ವಾರ್ಟರ್‌ಬ್ಯಾಕ್ ಯಾವತ್ತೂ ಎದರಾಬದರ ನಿಲ್ಲೂದಿಲ್ಲ. ಒಬ್ಬ ಆಡೂವಾಗ ಇನ್ನೊಬ್ಬ ಹೊರಗ ಕುಂತಿರತಾನ. ಅವರು ಎದುರಿಸೂದು ಆ ಕಡೆಯ ಡಿಫೆನ್ಸನ್ನ. ನಮ್ಮ ರೇಡರ್ ಕಥೀನೂ ಹಿಂಗ ಅಲ್ಲೇನ್ರೀ?

ಪ್ರೊ ಕಬಡ್ಡಿಯೊಳಗ 2017 ಮತ್ತು 2018ರ ಎರಡು ಸೀಸನ್‌ನಾಗ ಇಂಥಾ ಗುಂಪು ಇದ್ದವು. 12 ತಂಡ, ಎರಡು ಝೋನ್. ಎ ಝೋನಿನಾಗ ಗುಜರಾತ್, ಯು ಮುಂಬಾ, ಪುಣೆ, ಜೈಪುರ, ದಿಲ್ಲಿ, ಹರಿಯಾಣ. ಬಿ ಝೋನಿನಾಗ ನಮ್ಮ ಬೆಂಗಳೂರು ಬುಲ್ಸ್, ಪಟ್ನಾ, ಬೆಂಗಾಲ್, ತೆಲುಗು ಟೈಟನ್ಸ್, ತಮಿಳ್ ತಲೈವಾಸ್, ಯು.ಪಿ. ಯೋಧಾ. ಲೀಗಿನ 22 ಪಂದ್ಯದಾಗ 15 ತಮ್ಮ ಝೋನಿನಾಗನ.

ಈಗ ಅಂಕಿ ನೋಡ್ರಿ. 2017ರಾಗ ರೇಡ್‌ನಿಂದನ 200 ಪಾಯಿಂಟ್ ದಾಟಿದವರು ಮೂರು ಮಂದಿ: ಪಟ್ನಾದ ಪರ್ದೀಪ್ ನರ್ವಾಲ್ 369, ಬುಲ್ಸ್‌ನ ರೋಹಿತ್ ಕುಮಾರ್ 219, ತಲೈವಾಸ್‌ನ ಅಜಯ್ ಠಾಕೂರ್ 213. ಮೂವರೂ ಬಿ ಝೋನ್. ಮರುವರ್ಷ ಬುಲ್ಸ್‌ನ ಪವನ್ ಸೆಹ್ರಾವತ್ 271, ಪರ್ದೀಪ್ 233, ಬೆಂಗಾಲ್‌ನ ಮಣಿಂದರ್ ಸಿಂಗ್ 206, ಅಜಯ್ 203. ಈ ನಾಕೂ ಮಂದೀನೂ ಬಿ ಝೋನಿನವರ. ಎ ಝೋನಿನಿಂದ ಒಬ್ಬನ ಒಬ್ಬ, ಯು ಮುಂಬಾದ ಸಿದ್ಧಾರ್ಥ್ ದೇಸಾಯಿ, 218. ಅವನು ಚಂದಗಡ ತಾಲೂಕಿನವ. ಬೆಳಗಾವಿ ದಾಟಿದ್ರ ಸಿಗೂ ಸೀಮಿ ಅದು, ನಮಗ ನೆರಮನಿ ಇದ್ದಂಗ.

ಅಂದ್ರ ಬಿ ಝೋನ್ ಗಟ್ಟಿ ಅಂತ ಮುಗಿಸಿಬಿಡೂದೇನು? ತಡೀರಿ. ಆ ಕಡೆ ಹಿಡಿಯೂವರು ಯಾರಿದ್ರು ಅನ್ನೂದನ್ನೂ ನೋಡಬೇಕಲ್ಲ. ಇರಾನಿನ ಫಜಲ್ ಅತ್ರಾಚಲಿ 2017ರಾಗ ಗುಜರಾತ್, 2018ರಾಗ ಯು ಮುಂಬಾ. ಎರಡೂ ಎ ಝೋನ್. 2017ರ ಹರಿಯಾಣದಾಗ ಸುರೇಂದರ್ ನಾಡಾ, ಮೋಹಿತ್ ಚಿಲ್ಲರ್. ಇಂಥವರ ಕೈಯಾಗ ಮತ್ತ ಮತ್ತ ಸಿಗೂ ರೇಡರ್‌ನ ಪಾಯಿಂಟ್ ಕಡಿಮಿ ಆಗೂದು ಸಹಜ. ಆದ್ರ ಇಷ್ಟಕ್ಕ ಲೆಕ್ಕ ತೀರೂದಿಲ್ಲ. ಒಂದ ಸೀಸನ್ನಿನಾಗ 100 ಟ್ಯಾಕಲ್ ಪಾಯಿಂಟ್ ತಗೊಂಡ ಮೊದಲನೇ ಡಿಫೆಂಡರ್ ನಿತೇಶ್ ಕುಮಾರ್. 2018ರಾಗ ಅವನು ಆಡಿದ್ದು ಯು.ಪಿ.ಗೆ. ಅಂದ್ರ ಬಿ ಝೋನಿನಾಗನ.

ಇನ್ನೊಂದು ಮಾತು ಐತಿ, ಅದನ್ನ ಭಾಳ ಮಂದಿ ಮರೀತಾರ. ರೇಡರ್ ಔಟಾಗಿ ಹೊರಗ ಕುಂತ್ರ ಅವನು ತಾನಾಗಿ ಒಳಗ ಬರೂದಿಲ್ಲ. ಅವನ ತಂಡದವರು ಎದುರಿನವರೊಬ್ಬರನ್ನ ಔಟ್ ಮಾಡಬೇಕು, ಆವಾಗ ಔಟಾದ ಸರತಿ ಪ್ರಕಾರ ಒಬ್ಬ ಜೀವ ಪಡೀತಾನ. ನಿಮ್ಮ ಕಾರ್ನರ್‌ನಾಗ ನಿಂತು ಹಿಡಿಯೂವರು ಗಟ್ಟಿ ಇದ್ರ ನಿಮ್ಮ ರೇಡರ್ ಬೇಗ ಎದ್ದು ಬರತಾನ. ಸಿದ್ಧಾರ್ಥ್‌ನ ಹಿಂದ ಫಜಲ್ ಇದ್ದ. ಅವನ 218ರೊಳಗ ಫಜಲ್‌ನ ಹಿಡಿತದ ಪಾಲೂ ಐತಿ. ಮ್ಯಾಲೆ ಅವನು ಫಜಲ್‌ನ್ನ ಎದುರಿಸಬೇಕಾಗಿರಲಿಲ್ಲ. ಒಬ್ಬನ ಹೆಸರಿನ ಮುಂದ ಬರಿಯೂ ಪಾಯಿಂಟಿನಾಗ ಏಳು ಮಂದೀ ಬೆವರು ಇರತೈತ್ರಿ.

ಬರೇ ಒಬ್ಬನ ಮ್ಯಾಲೆ ನಿಂತ್ರ ಏನಾಗತೈತಿ ಅಂತ 2018ರ ಪಟ್ನಾ ತೋರಿಸಿತು. ಪರ್ದೀಪ್ 233 ಹೊಡದ್ರೂ ತಂಡ ಪ್ಲೇಆಫ್‌ಗೆ ಹೋಗಲಿಲ್ಲ. ಅದರ ಹಿಂದಿನ ವರ್ಷ ರೋಹಿತ್ 219 ಹೊಡದಾಗ ನಮ್ಮ ಬುಲ್ಸ್ ಗತಿನೂ ಅದ. ಅಮೆರಿಕಾದಾಗ 2024ರಾಗ ಸಿನ್ಸಿನಾಟಿಯ ಜೋ ಬರೋ 43 ಟಚ್‌ಡೌನ್ ಪಾಸ್ ಎಸದು ಎಲ್ಲಾರಿಗಿಂತ ಮುಂದಿದ್ದ, ಅವನ ತಂಡಾನೂ ಪ್ಲೇಆಫ್ ಮುಟ್ಟಲಿಲ್ಲ.

ಹಂಗಾದ್ರ ತೂಗೂದು ಹೆಂಗ? ನನ್ನ ಪ್ರಕಾರ, ಝೋನ್ ದಾಟಿ ಆಡಿದ ದೊಡ್ಡ ಪಂದ್ಯ ನೋಡಬೇಕು. 2017ರ ಪ್ಲೇಆಫ್‌ನಾಗ ಎ ಝೋನಿನ ಹರಿಯಾಣದ ಎದುರು ಪರ್ದೀಪ್ ಒಬ್ಬನ 34 ರೇಡ್ ಪಾಯಿಂಟ್ ತಗೊಂಡ. ಪಟ್ನಾ 69, ಹರಿಯಾಣ 30. ಗಟ್ಟಿ ಡಿಫೆನ್ಸ್ ಅಂತ ಹೆಸರಾದ ತಂಡದ ಎದುರು ಇದು. ಆಮ್ಯಾಲೆ ಫೈನಲ್‌ನಾಗ ಗುಜರಾತ್ ಎದುರು 55-38. 2018ರ ಸೀಸನ್ನಿನ ಫೈನಲ್ ನಡದದ್ದು 2019ರ ಜನವರಿ 5ಕ್ಕ, ಮುಂಬೈಯಾಗ. ಮತ್ತ ಗುಜರಾತ್, ಮತ್ತ ಬಿ ಝೋನಿನ ತಂಡ, ಈ ಸಲ ನಮ್ಮದು. ಬುಲ್ಸ್ 38, ಗುಜರಾತ್ 33. ಆ 38ರಾಗ 22 ಪವನ್‌ವು. ಆ ರಾತ್ರಿ ನೆನಸಿಕೊಂಡ್ರ ಈಗಲೂ ಮೈ ಜುಂ ಅಂತೈತಿ. ಆ ಸೀಸನ್ನಿನಾಗ ಬುಲ್ಸ್ ತವರಿನ ಪಂದ್ಯಗಳನ್ನ ಆಡಿದ್ದು ಪುಣೆಯಾಗ, ಕರ್ನಾಟಕದ ನೆಲದ ಮ್ಯಾಲಲ್ಲ. ಇದು ಮಾತ್ರ ನನಗ ಇನ್ನೂ ನೋವೈತಿ.

ನನ್ನ ತೀರ್ಪು ಕೇಳ್ರಿ: ಆ ಎರಡು ವರ್ಷ ಬಿ ಝೋನಿನ ರೇಡರ್‌ಗಳ ಗಟ್ಟಿ. ಒಟ್ಟು ಪಾಯಿಂಟ್ ನೋಡಿ ಹೇಳಾಕತ್ತಿಲ್ಲ, ಎ ಝೋನಿನ ಅಂಗಳಕ್ಕ ಹೊಕ್ಕು ಮುಟ್ಟಿ ಬಂದದ್ದು ನೋಡಿ ಹೇಳಾಕತ್ತೀನಿ. ಸಿದ್ಧಾರ್ಥ್‌ನ ಮಾತ್ರ ಅವರ ಪಂಕ್ತಿಯಾಗನ ಕೂಡಸ್ತೀನಿ.

ಮುಂದಿನ ಜಾತ್ರಿಗೆ ನಿಮ್ಮೂರಿನ ಅಂಕಣದ ಕಡೆ ಹೋದಾಗ ಒಂದು ಸಣ್ಣ ವಹಿ ಒಯ್ರಿ. ನಿಮ್ಮ ರೇಡರ್ ಎಷ್ಟು ಪಾಯಿಂಟ್ ತಂದ ಅಂತ ಬರೀರಿ. ಅದರ ಬಾಜೂಕ ಯಾರ ಕೈಯಾಗ ಸಿಕ್ಕ, ಹೊರಗ ಎಷ್ಟು ಹೊತ್ತು ಕುಂತ, ಯಾರು ಕ್ಯಾಚ್ ಹಾಕಿ ಅವನನ್ನ ಎಬ್ಬಿಸಿದ್ರು, ಅದನ್ನೂ ಬರೀರಿ. ಆ ಕ್ಯಾಚ್ ಹಾಕಿದ ಹುಡುಗನ ಹೆಸರನ್ನ ಕೆಳಗ ಕಮೆಂಟಿನಾಗ ನನಗ ತಿಳಸ್ರಿ.