ಪಿಶಾಚಿಯ ಪರಿಚಾರಕ



ನಂದಿಬೆಟ್ಟಕ್ಕೆ ಹೋದವರು ‘ಟಿಪ್ಪು ಡ್ರಾಪ್’ ಎಂಬ ಕಡಿದಾದ ಬಂಡೆಯಂಚಿನ ಬಳಿ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಮರಣದಂಡನೆಗೆ ಗುರಿಯಾದ ಕೈದಿಗಳನ್ನು ಅಲ್ಲಿಂದ ಕೆಳಕ್ಕೆ ನೂಕುತ್ತಿದ್ದರೆಂಬುದು ಜನರ ಬಾಯಲ್ಲಿ ಉಳಿದುಬಂದ ಮಾತು. ಅದರಲ್ಲಿ ಚರಿತ್ರೆಯೆಷ್ಟು, ಐತಿಹ್ಯವೆಷ್ಟು ಎಂಬ ಚರ್ಚೆ ಇಲ್ಲಿ ಬೇಡ. ಆ ಕಥೆಯನ್ನು ಕೇಳಿದವರು ಅಪ್ಪಣೆ ಕೊಟ್ಟ ದೊರೆಯನ್ನು ನೆನೆಯುತ್ತಾರೆ, ಬಿದ್ದವನಿಗಾಗಿ ಮರುಗುತ್ತಾರೆ. ನೂಕಿದ ಕೈ ಯಾರದೆಂದು ಕೇಳಿದವರನ್ನು ನಾನು ಕಂಡಿಲ್ಲ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಮೂರನೆಯವನನ್ನು ಕುರಿತು.

ಭಯಾನಕ ಸಾಹಿತ್ಯದಲ್ಲಿ ಈ ಮೂರನೆಯವನಿಗೊಂದು ಮುಖವನ್ನೂ ಹೆಸರನ್ನೂ ಕೊಟ್ಟ ಪ್ರಸಿದ್ಧ ಕೃತಿ, 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’. ಮನುಷ್ಯರ ರಕ್ತವನ್ನು ಹೀರಿ ಬಾಳುವ ಪ್ರಭು ಡ್ರಾಕುಲಾ. ಅವನ ಸೇವಕ, ಹುಚ್ಚಾಸ್ಪತ್ರೆಯಲ್ಲಿರುವ 59 ವರ್ಷದ ರೆನ್‌ಫೀಲ್ಡ್. ಇವನು ನೊಣಗಳನ್ನು ಜೇಡಗಳಿಗೂ ಜೇಡಗಳನ್ನು ಗುಬ್ಬಚ್ಚಿಗಳಿಗೂ ಉಣಿಸುತ್ತಾನೆ. ಬೆಕ್ಕಿನ ಮರಿಯೊಂದನ್ನು ಬೇಡಿ, ಅದು ದೊರೆಯದಿರಲು ಗುಬ್ಬಚ್ಚಿಗಳನ್ನು ತಾನೇ ಹಸಿಯಾಗಿ ತಿನ್ನುತ್ತಾನೆ. ಜೀವವನ್ನು ನುಂಗಿದಷ್ಟೂ ತನ್ನ ಜೀವ ಬೆಳೆಯುವುದೆಂದು ಅವನ ನಂಬಿಕೆ. ಒಡೆಯನ ಹಸಿವೇ ಸೇವಕನಲ್ಲಿ ಕಿರಿದಾಗಿ ನೆಲೆಸಿದೆ.

ಆ ಕಥೆಯ ಕಟ್ಟಳೆಯಂತೆ, ಒಳಗಿನವರು ಕರೆಯದ ಹೊರತು ಪಿಶಾಚಿಯು ಮೊದಲ ಸಲ ಮನೆಯನ್ನು ಹೊಗಲಾರದು. ಕಿಟಕಿಯ ಆಚೆ ನಿಂತ ಪ್ರಭು ಸಾವಿರಾರು ಇಲಿಗಳ ಆಸೆ ತೋರಿಸುತ್ತಾನೆ. ರೆನ್‌ಫೀಲ್ಡ್ ಕಿಟಕಿ ತೆರೆದು ಒಳಗೆ ಕರೆಯುತ್ತಾನೆ. ಇಷ್ಟೇ ಆಗಿದ್ದರೆ ಅವನನ್ನು ದ್ರೋಹಿಯೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಅದಕ್ಕೆ ಮುನ್ನ ಅವನು, ತನ್ನನ್ನು ಅಲ್ಲಿಂದ ಕಳುಹಿಸಿಬಿಡಿ ಎಂದು ವೈದ್ಯನಾದ ಸೀವರ್ಡನನ್ನು ಅಂಗಲಾಚಿ ಬೇಡಿದ್ದನು. ಹುಚ್ಚನ ಮಾತೆಂದು ವೈದ್ಯನು ಕಿವಿಗೊಡಲಿಲ್ಲ. ಮುಂದೆ, ತನ್ನನ್ನು ಮನುಷ್ಯನೆಂದು ಕಂಡು ಮಾತನಾಡಿಸಿದ್ದ ಮೀನಾ ಎಂಬಾಕೆಯ ಮುಖ ರಕ್ತಹೀನವಾಗಿರುವುದನ್ನು ಕಂಡಾಗ, ಅದೇ ಸೇವಕ ಒಡೆಯನನ್ನು ತಡೆದು ಹೋರಾಡಿ ಪ್ರಾಣ ತೆರುತ್ತಾನೆ.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಜನ್ನ ನೆನಪಾಗುತ್ತಾನೆ. 1209ರಲ್ಲಿ ರಚಿತವಾದ ‘ಯಶೋಧರ ಚರಿತೆ’ಯ ಆರಂಭದಲ್ಲಿಯೂ ರಕ್ತವನ್ನು ಬಯಸುವ ದೇವತೆಯೊಬ್ಬಳಿದ್ದಾಳೆ, ಚಂಡಮಾರಿ, ಅವಳಿಗೆ ನರಬಲಿ ಕೊಡಹೊರಟ ಅರಸ ಮಾರಿದತ್ತನಿದ್ದಾನೆ. ಬಲಿಯಾಗಬೇಕಾದ ಎಳೆಯರಾದ ಅಭಯರುಚಿ, ಅಭಯಮತಿಯರನ್ನು ಹಿಡಿದು ತರುವವನು ಮಾತ್ರ ತಳಾರ, ಎಂದರೆ ನಗರದ ಕಾವಲಿನವನು. ಅವನಿಗೆ ರೆನ್‌ಫೀಲ್ಡನ ಹಸಿವಿಲ್ಲ, ಉನ್ಮಾದವಿಲ್ಲ, ಇರುವುದು ಅಪ್ಪಣೆಯೊಂದೇ. ನನಗೆ ಇವನೇ ಹೆಚ್ಚು ಭಯಂಕರನಾಗಿ ತೋರುತ್ತಾನೆ.

ಅಪ್ಪಣೆಯನ್ನು ನಡೆಸಿದವನಿಗೆ ಪಾಪವೆಲ್ಲಿಯದು ಎನ್ನಬಹುದು. ಅದಕ್ಕೆ ಆ ಕಾವ್ಯದಲ್ಲಿಯೇ ಉತ್ತರವಿದೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟದ್ದಕ್ಕಾಗಿ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಯಶೋಧರನಾದರೂ ತಾಯಿಯ ಮಾತಿಗೆ ಮಣಿದು ಅದಕ್ಕೆ ಒಪ್ಪಿದವನೇ! ಮಾಡುವುದು, ಮಾಡಿಸುವುದು, ಅನುಮೋದಿಸುವುದು, ಈ ಮೂರೂ ಕರ್ಮವೇ ಎನ್ನುತ್ತದೆ ಜೈನಧರ್ಮ. ಈ ಲೆಕ್ಕದಲ್ಲಿ ಯಾವ ಪರಿಚಾರಕನಿಗೂ ರಿಯಾಯಿತಿಯಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಾರಿದತ್ತನಿಗೆ ಪರಿವರ್ತನೆ ಹೊಂದಲು ಅಭಯರುಚಿಯ ಬಾಯಿಂದ ಇಡೀ ಕಥೆಯನ್ನು ಕೇಳುವ ಭಾಗ್ಯ ದೊರೆಯಿತು. ರೆನ್‌ಫೀಲ್ಡನಿಗೆ ದೊರೆತದ್ದು ಕ್ಷಣಕಾಲದ ಸೌಜನ್ಯ ಮಾತ್ರ. ಅಷ್ಟರಿಂದಲೇ ಅವನು ಒಡೆಯನ ಮೇಲೆ ಕೈಯೆತ್ತುವಷ್ಟು ಮನುಷ್ಯನಾದನು. ಅವನು ಬೇಡಿಕೊಂಡಾಗಲೇ ಯಾರಾದರೂ ಕಿವಿಗೊಟ್ಟಿದ್ದರೆ ಆ ಕಿಟಕಿ ತೆರೆಯುತ್ತಲೇ ಇರಲಿಲ್ಲವೇನೋ.

ಆದ್ದರಿಂದ ಭಯಾನಕ ಕಥೆಯೊಂದನ್ನು ಓದಿದಾಗ ಪಿಶಾಚಿಯನ್ನಷ್ಟೇ ನೋಡದಿರೋಣ. ಬಾಗಿಲು ತೆರೆದವನು ಯಾರು, ತೆರೆಯುವ ಮುನ್ನ ಅವನು ಯಾರ ಬಳಿ ಮೊರೆಯಿಟ್ಟಿದ್ದ ಎಂದೂ ಕೇಳೋಣ. ಮುಂದಿನ ಸಲ ನಂದಿಬೆಟ್ಟದ ಆ ಬಂಡೆಯ ಬಳಿ ನಿಂತಾಗ, ಹೆಸರಿಲ್ಲದ ಆ ಮೂರನೆಯವನೂ ತಮ್ಮ ನೆನಪಿಗೆ ಬರಲಿ.