ಕ್ಯಾಟ್ ಪರೀಕ್ಷೆ: ಭಾಗಕ್ಕೊಂದು ಹದ

ಪರೀಕ್ಷೆಯೆಂದರೆ ಕೇಳಿದ್ದಕ್ಕೆಲ್ಲ ಉತ್ತರ ಬರೆದು ಬರುವುದು ಎಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದು. ನಮ್ಮ ಶಾಲೆ ಕಾಲೇಜುಗಳ ಪರೀಕ್ಷೆಗಳ ಮಟ್ಟಿಗೆ ಅದು ಸರಿಯಾದದ್ದೇ. ಅಲ್ಲಿ ತಪ್ಪಿಗೆ ದಂಡವಿಲ್ಲ. ಲೆಕ್ಕದ ಕೊನೆಯ ಉತ್ತರ ಕೆಟ್ಟರೂ ನಡುವಿನ ಹಂತಗಳಿಗೆ ಅಂಕ ಉಂಟು. ಆದುದರಿಂದಲೇ “ಖಾಲಿ ಬಿಡಬೇಡ, ಏನಾದರೂ ಬರೆ” ಎಂದು ಮೇಷ್ಟರೇ ಹೇಳಿ ಕಳುಹಿಸುತ್ತಾರೆ. ಹದಿನೈದು ವರ್ಷ ಈ ಅಭ್ಯಾಸದಲ್ಲಿ ಬೆಳೆದ ಮಕ್ಕಳು, ಪದವಿ ಮುಗಿಯುವ ಹೊತ್ತಿಗೆ, ಕ್ಯಾಟ್ ಎಂಬ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅಲ್ಲಿ ಈ ಒಳ್ಳೆಯ ಅಭ್ಯಾಸವೇ ಅವರ ಕಾಲಿಗೆ ತೊಡರಾಗುತ್ತದೆ. ಬುದ್ಧಿವಂತರೆನಿಸಿಕೊಂಡವರು ಹಿಂದೆ ಬೀಳುವುದು ಅನೇಕ ವೇಳೆ ಓದಿನ ಕೊರತೆಯಿಂದಲ್ಲ, ಬಿಡಬೇಕಾದುದನ್ನು ಬಿಡಲಾರದೆ. ಈ ತೊಡರನ್ನು ಬಿಡಿಸಿಕೊಳ್ಳುವುದು ಹೇಗೆ ಎಂಬುದನ್ನು ಭಾಗ ಭಾಗವಾಗಿ ನೋಡೋಣ.

ಮೊದಲು ಪರೀಕ್ಷೆಯ ಪರಿಚಯ. ವ್ಯಾಪಾರೋದ್ಯಮಗಳ ಆಡಳಿತವನ್ನು ಕಲಿಸುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಮೊದಲಿನವು ಕಲ್ಕತ್ತೆಯಲ್ಲಿಯೂ ಅಹಮದಾಬಾದಿನಲ್ಲಿಯೂ 1961ರಲ್ಲಿ ಹುಟ್ಟಿದವು. ನಮ್ಮ ಬೆಂಗಳೂರಿನದು 1973ರಲ್ಲಿ ಆರಂಭವಾಯಿತು. ಇಂದು ದೇಶದಲ್ಲಿ ಇಂಥ ಸಂಸ್ಥೆಗಳು ಇಪ್ಪತ್ತಕ್ಕೂ ಹೆಚ್ಚು. ಇವೆಲ್ಲ ಸೇರಿ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯೇ ಕ್ಯಾಟ್. ಒಂದೊಂದು ವರ್ಷ ಒಂದೊಂದು ಸಂಸ್ಥೆ ಇದರ ಹೊಣೆ ಹೊರುತ್ತದೆ. 2022ರಲ್ಲಿ ಆ ಹೊಣೆ ಬೆಂಗಳೂರಿನದಾಗಿತ್ತು. ಯಾವ ವಿಷಯದಲ್ಲಾದರೂ ಸರಿ, ಪದವಿಯಲ್ಲಿ ಶೇಕಡಾ 50 ಅಂಕ ಪಡೆದವರು ಕುಳಿತುಕೊಳ್ಳಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಅಂಗವಿಕಲರಿಗೂ ಶೇಕಡಾ 45 ಸಾಕು. ಪದವಿಯ ಕೊನೆಯ ವರ್ಷದಲ್ಲಿರುವವರಿಗೂ ಅವಕಾಶವಿದೆ. 2024ರ ನವೆಂಬರಿನಲ್ಲಿ ಈ ಪರೀಕ್ಷೆಯನ್ನು ಬರೆದವರು ಸುಮಾರು 2 ಲಕ್ಷ 93 ಸಾವಿರ ಮಂದಿ.

2009ರಿಂದ ಈ ಪರೀಕ್ಷೆ ಕಾಗದವನ್ನು ಬಿಟ್ಟು ಕಂಪ್ಯೂಟರಿಗೆ ಬಂತು. 2020ರಲ್ಲಿ ಮೂರು ಗಂಟೆಯ ಅವಧಿ ಎರಡು ಗಂಟೆಗೆ ಇಳಿಯಿತು. ಈ ಎರಡು ಗಂಟೆಗಳಲ್ಲಿ ಮೂರು ಭಾಗ. ಭಾಗಕ್ಕೆ 40 ನಿಮಿಷ. ಮೊದಲು ಇಂಗ್ಲಿಷ್ ಓದು ಮತ್ತು ಭಾಷೆ, ಬಳಿಕ ಅಂಕಿ ಅಂಶಗಳ ವಿವೇಚನೆ ಮತ್ತು ತರ್ಕ, ಕೊನೆಗೆ ಗಣಿತ. 2024ರಲ್ಲಿ ಪ್ರಶ್ನೆಗಳು ಕ್ರಮವಾಗಿ 24, 22 ಮತ್ತು 22, ಒಟ್ಟು 68. ಒಂದು ಭಾಗದ ನಲವತ್ತು ನಿಮಿಷ ಮುಗಿದೊಡನೆ ಆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಗಣಿತದಲ್ಲಿ ಉಳಿಸಿದ ಸಮಯವನ್ನು ಇಂಗ್ಲಿಷಿಗೆ ಸಾಲ ಕೊಡುವ ಹಾಗಿಲ್ಲ. ಅಲ್ಲದೆ, ಸಂಸ್ಥೆಗಳು ಒಟ್ಟು ಅಂಕವನ್ನಷ್ಟೇ ನೋಡುವುದಿಲ್ಲ. ಪ್ರತಿಯೊಂದು ಭಾಗದಲ್ಲಿಯೂ ಇಂತಿಷ್ಟು ಬಂದಿರಬೇಕೆಂದು ಕಟ್ಟು ಹಾಕುತ್ತವೆ. ಎರಡು ಭಾಗಗಳಲ್ಲಿ ಆಕಾಶ ಮುಟ್ಟಿ, ಮೂರನೆಯದರಲ್ಲಿ ನೆಲಕ್ಕೆ ಬಿದ್ದವನಿಗೆ ಕರೆ ಬರುವುದಿಲ್ಲ. ಆದುದರಿಂದ ಇದನ್ನು ಒಂದು ಪರೀಕ್ಷೆಯೆಂದು ಭಾವಿಸದೆ, ಒಂದರ ಹಿಂದೊಂದು ಬರುವ ಮೂರು ಪರೀಕ್ಷೆಗಳೆಂದು ಭಾವಿಸುವುದೇ ಮೇಲು.

ಇನ್ನು ಅಂಕದ ಲೆಕ್ಕ. ಸರಿಯುತ್ತರಕ್ಕೆ 3 ಅಂಕ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಎನ್ನುವ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಳೆಯುತ್ತಾರೆ. ಉತ್ತರವನ್ನು ನಾವೇ ತುಂಬಬೇಕಾದ ಪ್ರಶ್ನೆಗಳೂ ಕೆಲವಿರುತ್ತವೆ. ಅವುಗಳಲ್ಲಿ ತಪ್ಪಿಗೆ ದಂಡವಿಲ್ಲ. ಈಗ ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಒಬ್ಬ ಆಯ್ಕೆಯ ಪ್ರಶ್ನೆಗಳಲ್ಲಿ 18ಕ್ಕೆ ಕೈ ಹಾಕಿ 9 ಸರಿ, 9 ತಪ್ಪು ಮಾಡಿದ. ಅವನಿಗೆ 27ರಲ್ಲಿ 9 ಕಳೆದು 18 ಅಂಕ. ಇನ್ನೊಬ್ಬಳು 11ಕ್ಕೆ ಮಾತ್ರ ಕೈ ಹಾಕಿ 10 ಸರಿ, 1 ತಪ್ಪು ಮಾಡಿದಳು. ಅವಳಿಗೆ 30ರಲ್ಲಿ 1 ಕಳೆದು 29 ಅಂಕ. ಏಳು ಪ್ರಶ್ನೆಗಳನ್ನು ಕಡಿಮೆ ಮುಟ್ಟಿ ಹನ್ನೊಂದು ಅಂಕ ಹೆಚ್ಚು ಪಡೆದಳು. ಅತಿ ಆಸೆ ಗತಿಗೇಡು ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಕಣ್ಣು ಮುಚ್ಚಿ ಉತ್ತರ ಗುರುತಿಸುವುದರಿಂದ ಲಾಭವೇನಾದರೂ ಉಂಟೇ? ಅಂಥ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿಯಾಗಿ 3 ಅಂಕ ಬರುತ್ತದೆ, ಮೂರು ತಪ್ಪಾಗಿ 3 ಅಂಕ ಹೋಗುತ್ತದೆ. ಗಾಣದ ಎತ್ತಿನಂತೆ ತಿರುಗಿ ತಿರುಗಿ ಅಲ್ಲಿಯೇ ನಿಂತ ಹಾಗಾಯಿತು. ಆದರೆ ನಾಲ್ಕರಲ್ಲಿ ಎರಡು ಖಂಡಿತ ತಪ್ಪೆಂದು ತಿಳಿದಿದ್ದರೆ ಮಾತೇ ಬೇರೆ. ಆಗ ಎರಡು ಪ್ರಶ್ನೆಗಳಲ್ಲಿ ಒಂದು ಸರಿ, ಒಂದು ತಪ್ಪು ಎಂದಿಟ್ಟುಕೊಂಡರೂ 2 ಅಂಕ ಉಳಿಯುತ್ತದೆ. ಆದುದರಿಂದ ಸೂತ್ರ ಹೀಗೆ: ಏನೂ ತಿಳಿಯದಿದ್ದರೆ ಬಿಡಿ, ಎರಡನ್ನು ತಳ್ಳಿಹಾಕಬಲ್ಲಿರಾದರೆ ಗುರುತಿಸಿ, ದಂಡವಿಲ್ಲದ ಪ್ರಶ್ನೆಯನ್ನು, ಸಮಯವಿದ್ದರೆ, ಖಾಲಿ ಬಿಡಬೇಡಿ.

ಇನ್ನೊಂದು ಸಂಗತಿ. ಫಲಿತಾಂಶದಲ್ಲಿ ಕಾಣುವ ಪರ್ಸೆಂಟೈಲ್ ಎಂಬುದು ನೂರಕ್ಕೆ ಬಂದ ಅಂಕವಲ್ಲ. ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿ ನಿಮಗಿಂತ ಹಿಂದಿದ್ದಾರೆ ಎಂಬುದರ ಅಳತೆ. ಈಚಿನ ವರ್ಷಗಳಲ್ಲಿ ಪೂರ್ಣಾಂಕದ ಅರ್ಧದ ಆಸುಪಾಸಿನಲ್ಲಿದ್ದವರೂ ನೂರಕ್ಕೆ ತೊಂಬತ್ತೊಂಬತ್ತು ಮಂದಿಯನ್ನು ಹಿಂದೆ ಹಾಕಿದ್ದಾರೆ. ಅರ್ಧವನ್ನು ಬಿಟ್ಟೂ ಮುಂದಿನ ಸಾಲಿಗೆ ಬರಬಹುದು. ಯಾವ ಅರ್ಧವನ್ನು ಬಿಡಬೇಕೆಂಬುದೇ ವಿದ್ಯೆ.

ಈಗ ಮೊದಲನೆಯ ಭಾಗ, ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದವರ ಎದೆ ನಡುಗುವುದು ಇಲ್ಲಿಯೇ. ಆದರೆ ಇಲ್ಲಿ ನಿಘಂಟಿನ ಪರೀಕ್ಷೆ ನಡೆಯುವುದಿಲ್ಲ. 24ರಲ್ಲಿ 16 ಪ್ರಶ್ನೆಗಳು ನಾಲ್ಕು ಗದ್ಯಭಾಗಗಳ ಮೇಲೆ ಬರುತ್ತವೆ. ಇತಿಹಾಸ, ವಿಜ್ಞಾನ, ಅರ್ಥಶಾಸ್ತ್ರ, ಕಲೆ, ತತ್ತ್ವಶಾಸ್ತ್ರ, ಯಾವ ವಿಷಯವಾದರೂ ಆಗಬಹುದು. ಲೇಖಕ ಏನನ್ನು ಹೇಳುತ್ತಿದ್ದಾನೆ, ಯಾರ ಮಾತನ್ನು ಒಪ್ಪುವುದಿಲ್ಲ, ಎಲ್ಲಿ ಸಂದೇಹ ಇಟ್ಟುಕೊಂಡಿದ್ದಾನೆ, ಇಷ್ಟನ್ನು ಹಿಡಿದರೆ ಬಹುಪಾಲು ಕೆಲಸ ಆದಂತೆ. ತಪ್ಪು ಉತ್ತರಗಳು ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಡುವುದುಂಟು. ಲೇಖಕ “ಕೆಲವು ವೈದ್ಯರು ಸಂದೇಹಪಟ್ಟರು” ಎಂದಿದ್ದರೆ, “ವೈದ್ಯರೆಲ್ಲರೂ ತಿರಸ್ಕರಿಸಿದರು” ಎಂಬ ಆಯ್ಕೆ ಹದ್ದು ಮೀರಿದ್ದು. ಎಲ್ಲ, ಎಂದೆಂದೂ, ಮಾತ್ರ ಎಂಬರ್ಥದ ಮಾತು ಕಂಡಲ್ಲಿ ಒಂದು ಕ್ಷಣ ನಿಂತು, ಮೂಲದಲ್ಲಿ ಅಷ್ಟು ಬಲವಾಗಿ ಹೇಳಿದೆಯೇ ಎಂದು ನೋಡಬೇಕು.

ಉಳಿದ 8 ಪ್ರಶ್ನೆಗಳಲ್ಲಿ ಕದಡಿದ ವಾಕ್ಯಗಳನ್ನು ಕ್ರಮಗೊಳಿಸುವುದು, ಒಂದು ಪ್ಯಾರಾದ ಸಾರವನ್ನು ಗುರುತಿಸುವುದು ಮೊದಲಾದವು ಬರುತ್ತವೆ. ವಾಕ್ಯಕ್ರಮಕ್ಕೆ ಸರ್ವನಾಮವೇ ದಾರಿದೀಪ. “ಅದನ್ನು ಕಂಡ ರೈತ ಬೆರಗಾದ” ಎಂಬ ವಾಕ್ಯ ಮೊದಲನೆಯದಾಗಲಾರದು; “ಅದು” ಯಾವುದೆಂಬುದು ಹಿಂದೆ ಎಲ್ಲಿಯೋ ಬಂದಿರಲೇಬೇಕು. ಸಮಯವನ್ನು ಹೀಗೆ ಹಂಚಬಹುದು: ನಾಲ್ಕು ಗದ್ಯಭಾಗಗಳಿಗೆ ಏಳೇಳು ನಿಮಿಷದಂತೆ 28, ಉಳಿದುದಕ್ಕೆ 12. ಓದಿನ ವೇಗ ಸಾಲದವರು ಒಂದು ಗದ್ಯಭಾಗವನ್ನು ಪೂರ್ತಿ ಕೈಬಿಟ್ಟು, ಮೂರಕ್ಕೆ ಒಂಬತ್ತೊಂಬತ್ತು ನಿಮಿಷ ಕೊಡಲಿ. ಈ ವೇಗ ಒಂದು ತಿಂಗಳಲ್ಲಿ ಬರುವಂಥದ್ದಲ್ಲ. ದಿನಕ್ಕೊಂದು ಇಂಗ್ಲಿಷ್ ಪ್ರಬಂಧ ಓದಿ, ಅದರ ತಾತ್ಪರ್ಯವನ್ನು ಒಂದೇ ವಾಕ್ಯದಲ್ಲಿ ಬರೆದಿಡುವುದು ಒಳ್ಳೆಯ ಸಾಧನೆ. ಆ ವಾಕ್ಯ ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ. ಅರ್ಥವಾಯಿತೇ ಎಂಬುದು ಮುಖ್ಯ.

ಎರಡನೆಯ ಭಾಗಕ್ಕೆ ಪಠ್ಯಪುಸ್ತಕವೆಂಬುದೇ ಇಲ್ಲ. ಪಟ್ಟಿಗಳು, ನಕ್ಷೆಗಳು, ಒಗಟಿನಂಥ ಸನ್ನಿವೇಶಗಳು. ಒಂದೊಂದು ಸನ್ನಿವೇಶದ ಮೇಲೆ ನಾಲ್ಕೈದು ಪ್ರಶ್ನೆಗಳ ಗೊಂಚಲು. 2024ರಲ್ಲಿ ಇಂಥ ಐದು ಗೊಂಚಲುಗಳಿದ್ದವು. ಗಂಟು ಬಿಚ್ಚಿಕೊಂಡರೆ ಗೊಂಚಲೇ ಕೈಗೆ ಬರುತ್ತದೆ. ಬಿಚ್ಚದಿದ್ದರೆ ಹದಿನೈದು ನಿಮಿಷ ನೀರಿಗೆ ಹೋಗುತ್ತದೆ. ಆರಿಸುವ ವಿದ್ಯೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಇಲ್ಲಿಯೇ. ಮೊದಲ 5 ನಿಮಿಷ ಪೆನ್ನು ಮುಟ್ಟದೆ ಐದನ್ನೂ ಓದಿ ನೋಡಿ. ಖಚಿತವಾದ ಸಂಗತಿಗಳು ಹೆಚ್ಚಾಗಿದ್ದು “ಹೀಗಾದರೆ ಹಾಗೆ” ಎಂಬ ಷರತ್ತುಗಳು ಕಡಿಮೆಯಿರುವುದನ್ನು ಮೊದಲು ಹಿಡಿಯಿರಿ. ಎರಡಕ್ಕೆ ಹನ್ನೆರಡು ಹನ್ನೆರಡು ನಿಮಿಷದಂತೆ 24 ಹೋದರೆ, ಮೂರನೆಯದಕ್ಕೆ 11 ನಿಮಿಷ ಉಳಿಯುತ್ತದೆ. ಐದು ನಿಮಿಷ ಕೂತರೂ ಚಿತ್ರ ಮೂಡದ ಗೊಂಚಲನ್ನು ಮರುಕವಿಲ್ಲದೆ ಬಿಟ್ಟೇಳಬೇಕು. “ಇಷ್ಟು ಹೊತ್ತು ಕೊಟ್ಟೆನಲ್ಲ, ಇನ್ನು ಸ್ವಲ್ಪ ನೋಡೋಣ” ಎಂಬ ಮೋಹವೇ ಈ ಭಾಗದ ಮಾಯಾಜಿಂಕೆ.

ಮೂರನೆಯದು ಗಣಿತ. ಕಲಾ ಪದವೀಧರರು ಇದರ ಹೆಸರು ಕೇಳಿಯೇ ಹಿಂದೆ ಸರಿಯುತ್ತಾರೆ. ಆದರೆ ಇಲ್ಲಿ ಬೇಕಾದ ಗಣಿತದ ಬಹುಭಾಗ ಪ್ರೌಢಶಾಲೆಯದು: ಶೇಕಡಾ, ಲಾಭ ನಷ್ಟ, ಪ್ರಮಾಣ, ಕಾಲ ಮತ್ತು ಕೆಲಸ, ಕಾಲ ಮತ್ತು ದೂರ, ಬೀಜಗಣಿತ, ರೇಖಾಗಣಿತ, ಸಂಖ್ಯೆಗಳ ಗುಣಗಳು. ಅಂಕಗಣಿತಕ್ಕೂ ಬೀಜಗಣಿತಕ್ಕೂ ಸಿಂಹಪಾಲು ಸಲ್ಲುವುದರಿಂದ ತಡವಾಗಿ ಓದು ಹಿಡಿದವರು ಅಲ್ಲಿಂದಲೇ ಆರಂಭಿಸಲಿ. ಪರದೆಯ ಮೇಲೆ ಒಂದು ಲೆಕ್ಕದ ಯಂತ್ರವನ್ನು ಕೊಟ್ಟಿರುತ್ತಾರೆ; ಅದನ್ನೇ ನಂಬಿದರೆ ಒಂದೊಂದು ಅಂಕೆಯನ್ನು ಒತ್ತುವುದರಲ್ಲೇ ಹೊತ್ತು ಹೋದೀತು. 25ರಲ್ಲಿ ಶೇಕಡಾ 36 ಎಷ್ಟು ಎಂದು ಒತ್ತುತ್ತಾ ಕೂರುವುದಕ್ಕಿಂತ, 36ರಲ್ಲಿ ಶೇಕಡಾ 25, ಅಂದರೆ ಕಾಲು ಭಾಗ, 9 ಎಂದು ಬಾಯಲ್ಲೇ ಹೇಳಿಬಿಡಬಹುದು. ನಮ್ಮ ಹಿರಿಯರು ಮಗ್ಗಿ ಉರುಹೊಡೆಸುತ್ತಿದ್ದುದು ವ್ಯರ್ಥವಾಗಿರಲಿಲ್ಲ. ಇಲ್ಲಿ ಮೂರು ಸುತ್ತು ಹಾಕಿ. ಓದಿದ ಕೂಡಲೇ ದಾರಿ ಕಾಣುವ ಪ್ರಶ್ನೆಗಳಿಗೆ ಮೊದಲ 20 ನಿಮಿಷ. ದಾರಿ ಕಂಡರೂ ದೂರವಾಗಿರುವಂಥವಕ್ಕೆ ಮುಂದಿನ 15. ತಪ್ಪು ತಿದ್ದಲು, ದಂಡವಿಲ್ಲದವನ್ನು ತುಂಬಲು ಕೊನೆಯ 5.

ಭಾಗ ಭಾಗಗಳ ನಡುವೆ ವಿರಾಮವಿಲ್ಲ. ಮೊದಲನೆಯದು ಕೆಟ್ಟಿತೆಂಬ ಕೊರಗನ್ನು ಎರಡನೆಯದಕ್ಕೆ ಹೊತ್ತುಕೊಂಡು ಹೋದರೆ ಎರಡೂ ಕೆಡುತ್ತವೆ. ನಿಮಗೆ ಕಠಿಣವಾದದ್ದು ಪಕ್ಕದವನಿಗೂ ಕಠಿಣವಾಗಿದ್ದೀತು. ಪರ್ಸೆಂಟೈಲಿನ ಅಳತೆಯಲ್ಲಿ ಅದು ನಷ್ಟವೇ ಅಲ್ಲ.

ತಯಾರಿಯ ಕಾಲದಲ್ಲಿ ಮಾದರಿ ಪರೀಕ್ಷೆಗಳನ್ನು ಎಲ್ಲರೂ ಬರೆಯುತ್ತಾರೆ; ತಿರುಗಿ ನೋಡುವವರು ಕಡಿಮೆ. ಎರಡು ಗಂಟೆ ಬರೆದದ್ದನ್ನು ಪರಿಶೀಲಿಸಲು ಮೂರು ಗಂಟೆಯಾದರೂ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬ ಎಳೆಯಿರಿ: ತಿಳಿದಿದ್ದೂ ಅಜಾಗ್ರತೆಯಿಂದ ತಪ್ಪಿದ್ದು, ತಿಳಿಯದೆ ತಪ್ಪಿದ್ದು, ಬಿಡಬೇಕಾಗಿದ್ದೂ ಹಿಡಿದದ್ದು, ಹಿಡಿಯಬಹುದಾಗಿದ್ದೂ ಬಿಟ್ಟದ್ದು. ಮೊದಲೆರಡು ಕಂಬಗಳನ್ನು ಗುರುಗಳು ತಿದ್ದಿಯಾರು. ಮೂರನೆಯ ಮತ್ತು ನಾಲ್ಕನೆಯ ಕಂಬಗಳನ್ನು ತಿದ್ದಿಕೊಳ್ಳಬೇಕಾದವರು ನೀವೇ. ಮನೆಯ ಹಿರಿಯರೂ ಇಲ್ಲಿ ನೆರವಾಗಬಹುದು. “ಎಷ್ಟು ಮಾಡಿದೆ?” ಎಂದು ಕೇಳುವ ಬದಲು “ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ?” ಎಂದು ಕೇಳಿ ನೋಡಿ. ಗಣಿತ ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆ ಇದು. ಉತ್ತರ ಹೇಳುತ್ತಾ ಹೇಳುತ್ತಾ ಮಗುವಿಗೆ ತನ್ನ ದಾರಿ ತಾನೇ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಈ ಪರೀಕ್ಷೆಯಲ್ಲಿ ಮುಂದೆ ಬಂದ ಮಾತ್ರಕ್ಕೆ ಪ್ರವೇಶ ದೊರೆಯುವುದಿಲ್ಲ. ಸಂದರ್ಶನವಿದೆ, ಹಿಂದಿನ ತರಗತಿಗಳ ಅಂಕಗಳ ಎಣಿಕೆಯಿದೆ. ಹಿಂದೆ ಬಿದ್ದ ಮಾತ್ರಕ್ಕೆ ಬಾಗಿಲೆಲ್ಲ ಮುಚ್ಚುವುದೂ ಇಲ್ಲ. ನಮ್ಮ ರಾಜ್ಯದಲ್ಲಿಯೇ ಎಂ.ಬಿ.ಎ. ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ಇದೆ, ಒಂದಕ್ಕೆ ಮಾಡಿದ ಅಭ್ಯಾಸ ಇನ್ನೊಂದಕ್ಕೂ ಒದಗುತ್ತದೆ. ಈ ವರ್ಷ ಕುಳಿತುಕೊಳ್ಳಬೇಕೆಂದಿರುವವರು ಇಂದೇ ತಮ್ಮ ಮೂರು ಭಾಗಗಳಲ್ಲಿ ದುರ್ಬಲವಾದದ್ದು ಯಾವುದೆಂದು ಗುರುತಿಸಿಕೊಳ್ಳಲಿ. ದಿನದ ಮೊದಲ ಗಂಟೆಯನ್ನು, ಮನಸ್ಸು ತಿಳಿಯಾಗಿರುವ ಹೊತ್ತನ್ನು, ಅದಕ್ಕೇ ಮೀಸಲಿಡಲಿ. ಇಷ್ಟವಾದ ವಿಷಯಕ್ಕೆ ಹೊತ್ತು ತಾನಾಗಿ ಒದಗುತ್ತದೆ. ಕಷ್ಟವಾದದ್ದಕ್ಕೆ ನಾವೇ ಒದಗಿಸಿಕೊಡಬೇಕು.